ಬಾವಿಗೆ ಬಿದ್ದವನ ಥ್ಯಾಂಕ್ಸ್

ಮೊನ್ನೆ ಭಾನುವಾರ ಈಜುಕೊಳದ ಮೂರು ಮೀಟರ್ ಹಲಗೆಯಿಂದ ಜಿಗಿದೆ. ಮೂರೇ ಮೀಟರ್, ಅದೂ ನೆಟ್ಟಗೆ ನಿಂತ ಹಾಗೆ. ನೀರಿಂದ ಮೇಲೆದ್ದವನಿಗೆ ಅಳು ಬಂತು. ಅದೇ ಹಲಗೆಯಿಂದ ಪಲ್ಟಿ ಹೊಡೆಯುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ನೋಡಿ, "ಅಂಕಲ್, ಮೂಗಿಗೆ ನೀರು ಹೋಯ್ತಾ?" ಅಂದಳು. ಹೂಂ ಅಂದೆ. ಹದಿನಾಲ್ಕು ತಿಂಗಳ ಕಥೆಯನ್ನು ಆ ಮಗುವಿಗೆ ಹೇಳುವುದು ಹೇಗೆ?

ಕಳೆದ ವರ್ಷ ಯುಗಾದಿಗೆ ಊರಿಗೆ ಹೋಗಿದ್ದೆ. ಅಕ್ಕನ ಮಕ್ಕಳಿಗೆ ಮೊಬೈಲಿನಲ್ಲಿ ಕ್ಲಿಫ್ ಡೈವಿಂಗ್, ಅಂದರೆ ಎತ್ತರದ ಬಂಡೆಯಿಂದ ನೀರಿಗೆ ಹಾರುವ ಆಟ, ತೋರಿಸುತ್ತಾ ಮಾತು ಜೋರಾಯಿತು. ಕೊಲಂಬಿಯಾದ ಒರ್ಲಾಂಡೊ ಡೂಕೆ 27 ಮೀಟರಿನಿಂದ ಹಾರುವಾಗ, ನಾನು ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ತೋಟದ ಬಾವಿ ಯಾವ ಲೆಕ್ಕ ಅಂದೆ. ಬೇಸಿಗೆ, ನೀರು ಮೂವತ್ತಡಿ ಕೆಳಗಿತ್ತು. ಚಿಕ್ಕಂದಿನಲ್ಲಿ ಅದೇ ಕಟ್ಟೆಯಿಂದ ಎಷ್ಟು ಡೈ ಹೊಡೆದಿಲ್ಲ! ಆದರೆ ಆಗ ನನಗೆ ನಲವತ್ತೆರಡು ವರ್ಷವೂ ಆಗಿರಲಿಲ್ಲ, ಈ ಹೊಟ್ಟೆಯೂ ಇರಲಿಲ್ಲ. ಹಾರಿಯೇಬಿಟ್ಟೆ. ಅರ್ಧದಲ್ಲೇ ಮಂಡಿ ಮಡಚಿತು. ಕುರ್ಚಿಯಲ್ಲಿ ಕೂತ ಹಾಗೆ ನೀರಿಗೆ ಬಿದ್ದೆ. ಅಷ್ಟೆತ್ತರದಿಂದ ಬಿದ್ದರೆ ಗಂಟೆಗೆ ಹತ್ತಿರ ಹತ್ತಿರ 50 ಕಿ.ಮೀ. ವೇಗ ಅಂತ ಆಮೇಲೆ ಲೆಕ್ಕ ಹಾಕಿದೆ. ಬೆನ್ನಿನ ಎಲ್-1 ಮೂಳೆ, ಅಂದರೆ ಸೊಂಟದ ಭಾಗದ ಮೊದಲ ಮೂಳೆ, ಅದುಮಿ ಒಡೆದಿತ್ತು.

ಮೊದಲ ಥ್ಯಾಂಕ್ಸ್ ಭಾವನವರಿಗೆ. ಹುಡುಗರೆಲ್ಲ ನನ್ನ ರಟ್ಟೆ ಹಿಡಿದು ಎಳೆಯಲು ಹೊರಟಿದ್ದರು. "ಎತ್ತಬೇಡ್ರೋ! ಹಾಗೇ ತೇಲಿಸ್ಕೊಂಡಿರಿ!" ಅಂತ ಭಾವ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಫ್ಯಾಕ್ಟರಿಯಲ್ಲಿ ಪ್ರಥಮ ಚಿಕಿತ್ಸೆ ತರಬೇತಿ ಕೊಟ್ಟಾಗ ನಿದ್ದೆ ಮಾಡದೆ ಕೂತಿದ್ದ ಮನುಷ್ಯ ಅವರು. ನೀರಿಗಿಳಿದು ಎರಡೂ ಅಂಗೈಯಲ್ಲಿ ನನ್ನ ತಲೆ ಹಿಡಿದು ನಿಂತರು. ತೆಂಗಿನಕಾಯಿ ಕೀಳುವ ಬಿದಿರಿನ ಏಣಿಯನ್ನು ಬೆನ್ನ ಕೆಳಗೆ ತೂರಿಸಿ, ಎರಡು ಪಂಚೆ ಸುತ್ತಿ ಕಟ್ಟಿ, ಬಾವಿಯ ಕಲ್ಲುಮೆಟ್ಟಿಲಿನ ಮೇಲೆ ಆರು ಜನ ಹೊತ್ತು ತಂದರು. ಕಾಲಿನ ಬೆರಳು ಆಡುತ್ತಿವೆಯಾ ಅಂತ ಮೆಟ್ಟಿಲಿಗೊಂದು ಸಲ ಕೇಳುತ್ತಿದ್ದರು.

ಬೆಲ್ಟ್ ಬಿಗಿದುಕೊಂಡು ಮೂರು ತಿಂಗಳು ಮಲಗಿದೆ. ಅಮ್ಮ ಬೈಯುತ್ತಲೇ ಗಂಜಿ ಕುಡಿಸಿದಳು. ಹೆಂಡತಿ ಬೈಯಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಇಬ್ಬರಿಗೂ ಥ್ಯಾಂಕ್ಸ್ ಅಂದರೆ ಸಾಲದು, ಬಿಡಿ.

ಮಲಗಿದಲ್ಲೇ ಮತ್ತೆ ಅವೇ ವಿಡಿಯೊ ನೋಡಿದೆ. ಅಲ್ಲಿಯವರೆಗೆ ನಾನು ನೋಡಿದ್ದು ಗಾಳಿಯಲ್ಲಿನ ಮೂರು ಸೆಕೆಂಡು ಮಾತ್ರ. ಈಗ ಅದರ ಹಿಂದುಮುಂದು ಕಾಣತೊಡಗಿತು. ಗಂಟೆಗೆ ಸುಮಾರು 85 ಕಿ.ಮೀ. ವೇಗದಲ್ಲಿ ನೀರು ಮುಟ್ಟುವವರು ಯಾಕೆ ಕಾಲನ್ನೇ ಮೊದಲು ಇಳಿಸುತ್ತಾರೆ, ಕೆಳಗೆ ಮುಳುಗುಗಾರರು ಯಾಕೆ ಸದಾ ಕಾದಿರುತ್ತಾರೆ, ಮೇಲೆ ಬಂದವರು ಮೊದಲು ಯಾಕೆ 'ಓಕೆ' ಅಂತ ಕೈಸನ್ನೆ ಮಾಡುತ್ತಾರೆ. ಅವರು ದಿನಾ 27 ಮೀಟರಿನಿಂದ ಹಾರುವುದಿಲ್ಲ. ಒಂದು ಜಿಗಿತವನ್ನು ತುಂಡು ತುಂಡು ಮಾಡಿ ಹತ್ತು ಮೀಟರಿನಲ್ಲಿ ಪಳಗಿಸಿಕೊಳ್ಳುತ್ತಾರೆ. ಇದನ್ನೇ ನಾನು ಮಕ್ಕಳಿಗೆ ತೋರಿಸಿರಲಿಲ್ಲ.

ಡೂಕೆಗೂ ಒಂದು ಥ್ಯಾಂಕ್ಸ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅರ್ಹತೆ ಸಿಕ್ಕಿಯೂ ದುಡ್ಡಿಲ್ಲದೆ ಹೋಗಲಾಗದ ಹುಡುಗ ಆತ. ಆಸ್ಟ್ರಿಯಾದಲ್ಲಿ ಪ್ರದರ್ಶನದ ಡೈವರ್ ಆಗಿ ಹೊಟ್ಟೆ ಹೊರೆದ. 2013ರಲ್ಲಿ ಈಜು ಕ್ರೀಡೆಗಳ ವಿಶ್ವ ಚಾಂಪಿಯನ್‌ಷಿಪ್‌ಗೆ ಇದೇ ಹಾರಾಟ 'ಹೈ ಡೈವಿಂಗ್' ಹೆಸರಿನಲ್ಲಿ ಮೊದಲ ಬಾರಿ ಸೇರಿತು, ಊರು ಅದೇ ಬಾರ್ಸಿಲೋನಾ. ಮೂವತ್ತೆಂಟರ ಡೂಕೆ ತನಗಿಂತ ಹತ್ತು ವರ್ಷ ಚಿಕ್ಕವನಾದ ಗ್ಯಾರಿ ಹಂಟ್‌ನನ್ನು ಹಿಂದಿಕ್ಕಿ ಚಿನ್ನ ಗೆದ್ದ. 2019ರಲ್ಲಿ ಬಿಲ್ಬಾವೊದಲ್ಲಿ ನಿವೃತ್ತಿ.

ಆದರೆ ಹಾಸಿಗೆಯಲ್ಲಿ ನನಗೆ ಹೆಚ್ಚು ಹತ್ತಿರವಾದವರು ಕೆನಡಾದ ಲಿಸಾನ್ ರಿಷಾರ್. ಸರ್ಕಸ್ ಕಲಾವಿದೆ, ಮೂರು ಮಕ್ಕಳ ತಾಯಿ. 2016ರ ಕ್ಲಿಫ್ ಡೈವಿಂಗ್ ವಿಶ್ವ ಸರಣಿಯಲ್ಲಿ ಎರಡನೇ ಸ್ಥಾನ ಪಡೆದವರು, ಆಮೇಲೆ ಕುತ್ತಿಗೆಗೆ ಪೆಟ್ಟಾಗಿ ಸ್ಪರ್ಧೆಯಿಂದ ದೂರ ಉಳಿಯಬೇಕಾಯಿತು. ಮರಳಿ ಬಂದು ಮತ್ತೆ ಅದೇ ಎತ್ತರಕ್ಕೆ ಹತ್ತಿದರು. ಅವರು ಹಾರುವ ವಿಡಿಯೊಗಿಂತ ಹತ್ತುವ ವಿಡಿಯೊವನ್ನೇ ನಾನು ಹೆಚ್ಚು ನೋಡಿದೆ.

ಇನ್ನು ಫಿಸಿಯೊ ಮೇಡಂ. ಮತ್ತೆ ಯಾವಾಗ ಹಾರಬಹುದು ಅಂತ ಎರಡನೇ ವಾರವೇ ಕೇಳಿದ್ದೆ. "ಸರ್, ಮೊದಲು ಕೆಮ್ಮಿದರೆ ನೋಯದ ಹಾಗೆ ಆಗಲಿ" ಅಂದರು. ಕೆಮ್ಮು, ಆಮೇಲೆ ಕೂರುವುದು, ಆಮೇಲೆ ಮೆಟ್ಟಿಲು, ಆಮೇಲೆ ಎದೆಮಟ್ಟದ ನೀರಿನಲ್ಲಿ ನಡಿಗೆ. ನನ್ನ ಜಿಗಿತವನ್ನೂ ಅವರು ತುಂಡು ಮಾಡಿಯೇ ಕೊಟ್ಟರು.

ಅಂದಹಾಗೆ, ಹಂಪಿ ಹತ್ತಿರದ ಸಣಾಪುರದ ಬಂಡೆಗಳ ಮೇಲಿಂದ ಹಾರುವ ರೀಲ್ಸ್ ಕಳಿಸಿ 'ನೀವೂ ಬನ್ನಿ' ಅನ್ನುವ ಗೆಳೆಯರೇ, ಬರುವುದಿಲ್ಲ. ನೀವೂ ಹೋಗಬೇಡಿ. ಅಲ್ಲಿ ನೀರೊಳಗೆ ಕಾದಿರುವವರು ಯಾರೂ ಇಲ್ಲ.

ಆ ಏಣಿಯ ಎರಡು ಮೆಟ್ಟಿಲು ಅವತ್ತೇ ಮುರಿದವು. ಹೊಸದು ತಂದುಕೊಡುತ್ತೇನೆ ಅಂದರೆ ಭಾವ ಒಪ್ಪುತ್ತಿಲ್ಲ. ಮುರಿದದ್ದನ್ನೇ ಬಾವಿಕಟ್ಟೆಗೆ ಒರಗಿಸಿ ಇಟ್ಟಿದ್ದಾರೆ, ನಾನು ಬಂದಾಗ ಕಣ್ಣಿಗೆ ಬೀಳಲಿ ಅಂತ.