ಕಿರಿಯ ವಕೀಲರ ಬೆನ್ನಿಗೆ ಹಿರಿಯರಿರಲಿ

ಮಾನ್ಯರೇ,

ಕಾನೂನು ನೆರವು ಸಂಸ್ಥೆಗಳಲ್ಲಿ ಸಂಬಳವಿಲ್ಲದೆ ದುಡಿಯುವ ಯುವ ವಕೀಲರನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಿದರೆ ಸಾಲದು. ಎಷ್ಟೋ ಕಡೆ ಅವರ ಕೈಗೆ ಕಡತ ಕೊಟ್ಟು ಸುಮ್ನೆ ಬಿಟ್ಟುಬಿಡುತ್ತಾರೆ. ಮೇಲ್ಮನವಿಯ ಗಡುವು ಒಂದು ದಿನ ಮೀರಿದರೂ ಕಕ್ಷಿದಾರರಿಗೆ ಮನೆ ಕೈತಪ್ಪಬಹುದು. ವಕೀಲರು ಶುಲ್ಕ ಪಡೆದಿಲ್ಲ ಅಂತ ನ್ಯಾಯಾಲಯ ರಿಯಾಯಿತಿ ಕೊಡುವುದಿಲ್ಲ. ಕ್ರಿಮಿನಲ್ ಪ್ರಕರಣಗಳಲ್ಲಿ ಕಾನೂನು ನೆರವಿನ ಬಗ್ಗೆ ವಿಶ್ವಸಂಸ್ಥೆ 2012ರಲ್ಲಿ ಒಪ್ಪಿದ ತತ್ವಗಳು ಕೂಡ, ನೆರವು ಕೊಡುವವರಿಗೆ ಕೆಲಸಕ್ಕೆ ತಕ್ಕ ತರಬೇತಿ, ಅನುಭವ ಇರಬೇಕು ಎನ್ನುತ್ತವೆ.

ಪ್ರತಿ ಅರ್ಜಿಯನ್ನೂ ಸಲ್ಲಿಸುವ ಮೊದಲು ಹಿರಿಯರೊಬ್ಬರು ಓದಲಿ. ಸ್ವಯಂಸೇವಕರು ಬಿಟ್ಟು ಹೋಗುವಾಗ (ಹೆಚ್ಚಿನವರು ಒಂದಲ್ಲ ಒಂದು ದಿನ ಹೋಗುವವರೇ, ಅಲ್ವಾ?) ಕಡತ ಮತ್ತು ಮುಂದಿನ ವಿಚಾರಣೆಯ ದಿನಾಂಕ ಇನ್ನೊಬ್ಬರ ಕೈ ಸೇರಲಿ. ಓಡಾಟದ ಖರ್ಚನ್ನಾದರೂ ಸಂಸ್ಥೆಗಳು ಕೊಡಲಿ.

– ಒಬ್ಬ ಓದುಗ