‘ಅಡಿಕೆ’ ಹೊಡೆದರೆ ‘ಅಡಕೆ’ ಸಿಗದ ಸರ್ಚ್

ಸಂಪಾದಕರೇ,

ಹೋದ ತಿಂಗಳು ಶಿರಸಿ ಹತ್ತಿರದ ನಮ್ಮ ಸಂಘದಲ್ಲಿ ಒಂದು ಮೀಟಿಂಗ್ ಇತ್ತು. ವೆಬ್‌ಸೈಟಿಗೆ ಹೊಸ ಸರ್ಚ್ ಹಾಕಿಸಬೇಕು, ಯಾವುದು ಹಾಕಿಸೋಣ ಅನ್ನುವುದು ವಿಷಯ. ಕಂಪ್ಯೂಟರ್ ಸ್ವಲ್ಪ ಗೊತ್ತು ಅನ್ನುವ ಒಂದೇ ಕಾರಣಕ್ಕೆ ನನ್ನನ್ನೂ ಕರೆದಿದ್ದರು. ಹುಬ್ಬಳ್ಳಿಯಿಂದ ಬಂದ ಕಂಪನಿಯ ಹುಡುಗ ಲ್ಯಾಪ್‌ಟಾಪ್ ಬಿಚ್ಚಿ ಇಂಗ್ಲಿಷಿನಲ್ಲಿ ‘ಲೋನ್’ ಅಂತ ಹೊಡೆದ, ರೆಪ್ಪೆ ಬಡಿಯುವುದರೊಳಗೆ ಪುಟಗಳ ಸಾಲೇ ಬಂತು. ಎಲ್ಲರೂ ತಲೆಯಾಡಿಸಿದರು. ಹಿಂದೆ ಕೂತಿದ್ದ ಹಿರಿಯರೊಬ್ಬರು ಮಾತ್ರ ‘ತಮಾ, ಕಾಳುಮೆಣಸು ಅಂತ ಒಂದ್ಸಲ ಹೊಡಿ’ ಅಂದರು.

ಒಂದೇ ಒಂದು ಪುಟ ಬಂತು. ಅದೂ ಯಾವುದೋ ಹಳೇ ದರಪಟ್ಟಿ. ಕಾಳುಮೆಣಸಿನ ಬಗ್ಗೆ ಆ ಸೈಟಿನಲ್ಲಿ ಬೇಕಾದಷ್ಟಿದೆ, ಕೆಲವನ್ನು ನಾನೇ ಕೂತು ಟೈಪ್ ಮಾಡಿದ್ದೇನೆ. ಆದರೆ ಅಲ್ಲೆಲ್ಲ ಇರುವುದು ‘ಕಾಳುಮೆಣಸಿನ’, ‘ಕಾಳುಮೆಣಸಿಗೆ’, ಇನ್ನು ಕೆಲವು ಕಡೆ ನಡುವೆ ಜಾಗ ಬಿಟ್ಟು ‘ಕಾಳು ಮೆಣಸು’. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದ.

ಹುಡುಗನ ತಪ್ಪೇನಿಲ್ಲ ಬಿಡಿ. ಅವನು ತಂದಿದ್ದು ಎಲಾಸ್ಟಿಕ್‌ಸರ್ಚ್, ಹುಡುಕುವುದಕ್ಕೇ ಮಾಡಿದ ತಂತ್ರಾಂಶ, ಒಳ್ಳೆಯ ಸಾಮಾನೇ. ಅದಕ್ಕೂ, ಅದರ ಜೋಡಿ ಹೆಸರು ಕೇಳಿಬರುವ ಸೋಲರ್‌ಗೂ ಬುಡದಲ್ಲಿರುವುದು ಲೂಸೀನ್ ಅನ್ನುವ ಒಂದೇ ತಂತ್ರಾಂಶ, 1999ರಲ್ಲಿ ಡಗ್ ಕಟಿಂಗ್ ಶುರು ಮಾಡಿದ್ದು. ಪದದ ಬಾಲ ಕತ್ತರಿಸಿ ಮೂಲ ಹಿಡಿಯುವ ಏರ್ಪಾಡು ಅದರಲ್ಲಿ ಇಂಗ್ಲಿಷಿಗೆ ಇದೆ, ಹಿಂದಿ, ಬಂಗಾಳಿ, ತಮಿಳು, ತೆಲುಗಿಗೂ ಇದೆ. ಆ ಪಟ್ಟಿಯಲ್ಲಿ ಕನ್ನಡ ನನಗೆ ಕಾಣಲಿಲ್ಲ. ವಿಭಕ್ತಿ ಇಷ್ಟು ಅಂಟುವ ಭಾಷೆಗೆ ಅದೇ ಮೊದಲು ಬೇಕಿತ್ತು, ಅಲ್ವಾ? ಹಾಗಾಗಿ ದೊಡ್ಡ ಎಂಜಿನ್ ತಂದ ಮಾತ್ರಕ್ಕೆ ಕನ್ನಡ ತಾನಾಗಿ ಬರುವುದಿಲ್ಲ. ಪದಗಳನ್ನು ತುಂಡು ತುಂಡು ಮಾಡಿ ಇಟ್ಟುಕೊಳ್ಳುವ ಹಾಗೆ ಯಾರಾದರೂ ಕೂತು ಹೇಳಿಕೊಡಬೇಕು, ಆಗ ‘ಕಾಳುಮೆಣಸ’ದವರೆಗಿನ ತುಂಡು ಕೂಡಿಸಿ ಬರೆದ ಎಲ್ಲ ರೂಪದಲ್ಲೂ ಒಂದೇ ಆಗಿ ಸಿಗುತ್ತದೆ. ಬೇಡದ್ದೂ ನಾಲ್ಕು ಬರುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ಸೈಟ್ ಕಟ್ಟುವ ತಂತ್ರಾಂಶಗಳ ಜೊತೆ ಬಿಟ್ಟಿ ಸಿಗುವ ಸರ್ಚಿನಲ್ಲೂ ಎರಡು ಥರದ ತಾಪತ್ರಯ. ವರ್ಡ್‌ಪ್ರೆಸ್ ಜೊತೆ ಬರುವ ಸರ್ಚ್ ಹೊಡೆದ ಅಕ್ಷರಗಳು ಎಲ್ಲಾದರೂ ಇವೆಯಾ ಅಂತ ಅಷ್ಟೇ ನೋಡುತ್ತದೆ, ‘ಮರ’ ಅಂದರೆ ಸಿಸಿ ಕ್ಯಾಮರಾದ ಕೊಟೇಶನ್ನೂ ಬರುತ್ತದೆ. ಡ್ರೂಪಲ್‌ನದ್ದು ಇದಕ್ಕೆ ಉಲ್ಟಾ, ಇಡೀ ಪದ ಹೊಂದಿದರೆ ಮಾತ್ರ ಸರಿ, ‘ಅಡಿಕೆ’ ಕೇಳಿದರೆ ‘ಅಡಿಕೆಗೆ’ ಕೊಡುವುದಿಲ್ಲ. ಇನ್ನು ಗೂಗಲ್‌ನ ಪೆಟ್ಟಿಗೆಯನ್ನೇ ಸೈಟಿಗೆ ಅಂಟಿಸಿಕೊಂಡರೆ ಹೇಗೆ ಅಂತ ಅಧ್ಯಕ್ಷರು ಕೇಳಿದರು. ಕನ್ನಡ ಅದಕ್ಕೆ ಪರವಾಗಿಲ್ಲ. ಆದರೆ ದುಡ್ಡು ಕೊಟ್ಟು ಜಾಹೀರಾತಿಲ್ಲದೆ ಹಾಕಿಕೊಳ್ಳುವ ಸೈಟ್ ಸರ್ಚನ್ನು ಅವರು 2018ರಲ್ಲಿ ಮುಚ್ಚಿದರು, ಬಿಟ್ಟಿಯದ್ದರಲ್ಲಿ ಜಾಹೀರಾತು ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ: ಗೂಗಲ್ ತನಗೆ ಪುರುಸೊತ್ತಾದಾಗ ಬಂದು ಪುಟ ಓದಿಕೊಂಡು ಹೋಗುತ್ತದೆ. ಇವತ್ತಿನ ಚಾಲಿ ಅಡಿಕೆ ದರ, ರಾಶಿ ಅಡಿಕೆ ದರ ಇವತ್ತೇ ಸಿಗದಿದ್ದರೆ ನಮ್ಮ ಸದಸ್ಯರಿಗೆ ಸರ್ಚ್ ಯಾಕೆ ಬೇಕು? ಲಾಗಿನ್ ಆಗಿ ನೋಡುವ ಪುಟಗಳಂತೂ ಅದಕ್ಕೆ ಕಾಣುವುದೇ ಇಲ್ಲ.

ನನ್ನ ಅಂದಾಜಿನಲ್ಲಿ ನಮ್ಮಂಥ ಕೆಲವು ನೂರು ಪುಟದ ಸೈಟಿಗೆ ದೊಡ್ಡ ಎಂಜಿನ್ ಓಡಿಸುವ ಬೇರೆ ಸರ್ವರ್ ಬೇಡ. ವರ್ಡ್‌ಪ್ರೆಸ್ ಆದರೆ ರೆಲೆವಾನ್ಸಿ ಅನ್ನುವ ಪ್ಲಗಿನ್ ಇದೆ, ಇರುವ ಡೇಟಾಬೇಸಿನಲ್ಲೇ ಯಾವ ಪದ ಯಾವ ಪುಟದಲ್ಲಿದೆ ಅನ್ನುವ ಸೂಚಿ ಕಟ್ಟಿಕೊಳ್ಳುತ್ತದೆ, ಅರ್ಧ ಪದಕ್ಕೂ ಹುಡುಕುತ್ತದೆ, ಸಮಾನ ಪದಗಳ ಪಟ್ಟಿಯನ್ನೂ ತೆಗೆದುಕೊಳ್ಳುತ್ತದೆ. ಈ ಪಟ್ಟಿಯೇ ನಿಜವಾದ ಕೆಲಸ. ಶಿರಸಿ, ಸಿರಸಿ, ಶಿರ್ಸಿ. ಜೋಯಿಡಾ, ಜೊಯಿಡಾ. ಅಡಿಕೆ, ಅಡಕೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಗೆ ಒಬ್ಬರು ಬೋರ್ಡೋ ಅನ್ನುತ್ತಾರೆ, ಇನ್ನೊಬ್ಬರು ಮೈಲುತುತ್ತ ಅಂತಲೇ ಹುಡುಕುತ್ತಾರೆ. ಇದನ್ನು ಯಾವ ಎಂಜಿನಿಯರೂ ಬರೆದು ಕೊಡಲಾರ, ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡನನ್ನು ಕೂರಿಸಿಕೊಂಡರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಮೊಬೈಲಿನದ್ದು ಇನ್ನೊಂದು ಚೇಷ್ಟೆ. ‘ಬ್ಯಾಂಕ್‌ನಲ್ಲಿ’ ಅಂತ ಬರೆಯುವಾಗ ನ ಒತ್ತಕ್ಷರ ಆಗದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಳ್ಳುತ್ತದೆ. ಒಂದು ಕೀಬೋರ್ಡ್ ಸೇರಿಸುತ್ತದೆ, ಇನ್ನೊಂದು ಸೇರಿಸುವುದಿಲ್ಲ. ಓದುವವರಿಗೆ ಪದ ಒಂದೇ, ಹುಡುಕಿದರೆ ಸಿಗುವುದಿಲ್ಲ. ಸೂಚಿ ಕಟ್ಟುವಾಗಲೂ ಹುಡುಕುವಾಗಲೂ ಆ ಗುರುತನ್ನು ತೆಗೆದು ಹಾಕುವಂತೆ ಹೇಳಿ ಅಂದೆ, ಹುಡುಗ ನಗುತ್ತಾ ಬರೆದುಕೊಂಡ.

ಹಳೇ ಸುತ್ತೋಲೆಗಳ ಕಥೆ ಬೇರೆಯೇ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ನಮ್ಮಲ್ಲಿ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಅಕ್ಷರದಲ್ಲಿ ಮಾಡಿದ ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷಿನ ಚಿತ್ರವಿಚಿತ್ರ ಗುರುತು. ಅದನ್ನು ಮೊದಲು ಯೂನಿಕೋಡಿಗೆ ಬದಲಾಯಿಸಬೇಕು. ಸ್ಕ್ಯಾನ್ ಮಾಡಿದ್ದಾದರೆ ಅದು ಬರೀ ಫೋಟೋ. ಟೆಸರಾಕ್ಟ್ ಅನ್ನುವ ಉಚಿತ ತಂತ್ರಾಂಶ ಕನ್ನಡ ಓದುತ್ತದೆ, ಆದರೂ ಒಬ್ಬರು ಕೂತು ತಿದ್ದಬೇಕು. ಇದಕ್ಕೆ ಕೊಟೇಶನ್ನಿನಲ್ಲಿ ಒಂದು ರೂಪಾಯಿ ಹಿಡಿದಿರಲಿಲ್ಲ. ದುಡ್ಡೆಲ್ಲ ಸರ್ವರ್ ಬಾಡಿಗೆಗೆ.

ಕಾರವಾರದಿಂದ ಭಟ್ಕಳದವರೆಗೆ ಯಾವ ಸಂಘ, ಪಂಚಾಯ್ತಿ, ಕಚೇರಿ ಸೈಟ್ ಮಾಡಿಸುವುದಿದ್ದರೂ ಒಂದು ಕೋರಿಕೆ. ಕೌಂಟರಿಗೆ ಬರುವ ಜನ ಬಾಯಲ್ಲಿ ಕೇಳುವ ಐವತ್ತು ಪದ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಡೆಮೊ ತೋರಿಸಲು ಬಂದವರ ಕೈಗೆ ಆ ಹಾಳೆ ಕೊಡಿ, ಚೆಕ್ ಬರೆಯುವುದು ಆಮೇಲೆ. ನಾವು ಹಾಗೇ ಮಾಡಿದೆವು, ಹುಡುಗ ಮುಂದಿನ ವಾರ ಮತ್ತೆ ಬರುತ್ತಾನೆ.

ಕೋಪ ಮಾಡಿಕೊಳ್ಳಬೇಡಿ, ಈ ಪತ್ರ ಬರೆಯುವ ಮೊದಲು ಸುಮ್ನೆ ನಿಮ್ಮ ಪತ್ರಿಕೆಯ ಸೈಟಿನಲ್ಲೂ ‘ಅಡಿಕೆ’, ‘ಅಡಕೆ’ ಎರಡನ್ನೂ ಹೊಡೆದು ನೋಡಿದೆ. ಎರಡಕ್ಕೂ ಬೇರೆ ಬೇರೆ ಸುದ್ದಿ ಬಂತು. ನಿಮ್ಮಲ್ಲಿ ಎರಡೂ ಥರ ಅಚ್ಚಾಗುತ್ತದಲ್ಲ.

– ನಿಮ್ಮ ಓದುಗ, ಶಿರಸಿ