ಮಾನ್ಯ ಕಾರ್ಮಿಕ ಸಚಿವರಿಗೆ: ಸೀರಿಯಲ್ ಬರೆಯೋರಿಗೆ ಕರಾರು ಪತ್ರ ಕೊಡಿಸಿ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಮಡಿಕೇರಿಯವನು, ಟಿವಿ ಸೀರಿಯಲ್‌ಗೆ ಚಿತ್ರಕಥೆ, ಸಂಭಾಷಣೆ ಬರೆದು ಬದುಕೋನು. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ, ಮಾತಾಡಿದ್ರೆ ಮುಂದಿನ ಪ್ರಾಜೆಕ್ಟ್‌ಗೆ ಯಾರೂ ಕರೆಯಲ್ಲ ಅಂತ. ಈಗ ಕೈಲಿದ್ದ ಕೆಲಸಾನೂ ಹೋಯ್ತು. ಕೇಳೋದು ಒಂದೇ, ಬರೆಯೋರಿಗೆ ಕೆಲಸ ಶುರು ಆಗೋ ಮೊದ್ಲೇ ಸಹಿ ಹಾಕಿದ ಕರಾರು ಪತ್ರ ಕೊಡಿಸಿ.

ರೂಲ್ಸ್ ನಿಮಗೆ ಗೊತ್ತಿರೋದೇ. 1981ರ ಸಿನಿ ಕಾರ್ಮಿಕರ ಕಾಯ್ದೆ ಸಿನಿಮಾದವರಿಗೆ ಮಾತ್ರ ಅಂತ ನಮ್ಮನ್ನ ಹೊರಗಿಟ್ರು. 2020ರ ಕಾರ್ಮಿಕ ಸಂಹಿತೆಲಿ ಟೆಲಿವಿಷನ್ನೂ ಬಂತು, ವೆಬ್ ಸೀರೀಸೂ ಬಂತು, ಲಿಖಿತ ಕರಾರು ಇಲ್ಲದೆ ಕೆಲಸ ಮಾಡಿಸಬಾರ್ದು ಅಂತ ಅದರಲ್ಲೇ ಇದೆ, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಆದ್ರೆ ನಾನು ಬರೆದ ಯಾವ ಸೀರಿಯಲ್‌ಗೂ ನನ್ನ ಹತ್ರ ಒಂದು ಹಾಳೆ ಇಲ್ಲ. ಎಲ್ಲಾ ಫೋನಲ್ಲಿ, ವಾಟ್ಸಾಪಲ್ಲಿ. ಗುರುವಾರ ಟಿಆರ್‌ಪಿ ಬಂದ ಕೂಡ್ಲೇ ಕಥೆ ಬದಲಾಗುತ್ತೆ, ನಾಳೆ ಬೆಳಿಗ್ಗೆ ಶೂಟಿಂಗ್‌ಗೆ ಸೀನ್ ಕಳ್ಸಿ ಅಂತಾರೆ, ಇಲ್ಲಿ ಆಟಿ ಮಳೆಗೆ ಮರ ಬಿದ್ದು ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ರಾತ್ರೀಲಿ ಸಿಗ್ನಲ್ ಹುಡುಕ್ಕೊಂಡು ಹೋಗಿ ರಸ್ತೆ ಬದೀಲಿ ನೆನ್ಕೊಂಡು ನಿಂತು ಕಳಿಸಿದ್ದೀನಿ. ದುಡ್ಡು ಮಾತ್ರ ಟೆಲಿಕಾಸ್ಟ್ ಆಗಿ 90 ದಿನ ಆದ್ಮೇಲೆ, ಅದೂ ಅವರ ಮನಸ್ಸು ಬಂದ್ರೆ.

ಈ ಪತ್ರ ಬರೆಸಿದ ವಿಷಯಕ್ಕೆ ಬರ್ತೀನಿ. 2016ರ ಡಿಸೆಂಬರಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ನಾನೂ ಹೋರಾಟದ ಜೊತೆ ನಿಂತವನು, ಅದನ್ನ ಯಾರ ಹತ್ರಾನೂ ಮುಚ್ಚಿಟ್ಟಿಲ್ಲ. ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದ್ರೆ ಕೂಲಿಯವರಿಗೆ ಅಂತ ತೋಟದವರು ಕಟ್ಟಿಸಿದ ಸಾಲು ಮನೆಗಳಲ್ಲಿ, ತಲೆಮಾರಿಂದ ಇರೋರಿಗೆ ಸ್ವಂತ ಮನೆ ನಂಬರ್ ಇಲ್ಲ, ಅದಿಲ್ಲ ಅಂತ ರೇಷನ್ ಕಾರ್ಡಿಗೆ ಅಲೆದಾಟ. ಅದನ್ನೇ ಸೀರಿಯಲ್‌ಗೆ ತಂದೆ. ಲೈನ್ ಮನೆ ಹೆಂಗಸೊಬ್ಬಳು ಪಂಚಾಯ್ತಿ ಆಫೀಸಲ್ಲಿ ನಿಂತು "ಓಟು ಹಾಕೋಕೆ ನಾನು ಈ ಊರವಳು, ಅಕ್ಕಿ ಕೇಳಿದ್ರೆ ಯಾವ ಊರವಳು ಅಂತೀರಲ್ಲ" ಅಂತ ಕೇಳೋ ಸೀನು. ರಾಜಕೀಯ ಬೇಡ ಅಂತ ಫೋನ್ ಬಂತು. ತೆಗೆಯಲ್ಲ ಅಂದೆ. ಮಾರನೇ ದಿನದಿಂದ ನನ್ನ ಫೋನ್ ಎತ್ತೋರೇ ಇಲ್ಲ, ಗ್ರೂಪಿಂದಲೂ ತೆಗೆದ್ರು. ಆಮೇಲೆ ಟಿವಿಲಿ ನೋಡ್ತೀನಿ, ಅದೇ ಹೆಂಗಸು, ಅದೇ ಆಫೀಸು, ಆದ್ರೆ ಅವಳು ತೋಟದ ಧಣಿ ಕಾಲಿಗೆ ಬಿದ್ದು ಕಾರ್ಡ್ ಬೇಡ್ತಾಳೆ, ಧಣಿ ಕಣ್ಣೊರೆಸಿ ಕೊಡಿಸ್ತಾನೆ. ಬರೆದವರ ಜಾಗದಲ್ಲಿ ಬೇರೆ ಹೆಸರು. ಬಾಕಿ ದುಡ್ಡು ಇವತ್ತಿಗೂ ಬಂದಿಲ್ಲ. ದುಡ್ಡಿಗಿಂತ ಆ ಹೆಂಗಸನ್ನ ಕಾಲಿಗೆ ಬೀಳಿಸಿದ್ದು ನನಗೆ ತಡ್ಕೊಳ್ಳೋಕಾಗ್ಲಿಲ್ಲ ಸಾರ್, ಅಂಥವರ ಮಧ್ಯೆನೇ ನಾನು ದಿನಾ ಓಡಾಡೋದು, ಅವರಿಗೆ ಏನಂತ ಮುಖ ತೋರಿಸ್ಲಿ?

ಸೀರಿಯಲ್‌ಗೆ ರಾಜಕೀಯ ಯಾಕೆ ಅಂತ ಕೇಳೋರಿಗೆ ಸೀರಿಯಲ್ ನಿರ್ದೇಶಕ ಟಿ.ಎನ್. ಸೀತಾರಾಂ ಅವರನ್ನ ನೆನಪು ಮಾಡ್ತೀನಿ. ಕೋರ್ಟು, ಚುನಾವಣೆ, ಲಂಚ ಎಲ್ಲಾ ತಂದ್ರು, ಅವರ ಸೀರಿಯಲ್‌ನ ಲಾಯರ್ ಪಾತ್ರ ಸಿಎಸ್‌ಪಿ ಮಾತು ಕೇಳೋಕೆ ಜನ ಅಡಿಗೆ ಬಿಟ್ಟು ಬಂದು ಕೂತ್ಕೊಳ್ತಿದ್ರು. ಕನ್ನಡದ ಜನ ಬೇಡ ಅಂದಿಲ್ಲ.

ನನ್ನ ಸೀನ್ ವಾಪಸ್ ಹಾಕ್ಸಿ ಅಂತ ನಿಮ್ಮನ್ನ ಕೇಳ್ತಿಲ್ಲ, ಅದು ನಿಮ್ಮ ಕೆಲಸ ಅಲ್ಲ. ಕರಾರು ಪತ್ರ ಕೊಡ್ಸೋದು ನಿಮ್ಮ ಕೆಲಸ. ಎಪಿಸೋಡಿಗೆ ಎಷ್ಟು, ಯಾವಾಗ ಕೊಡ್ತಾರೆ, ಹೆಸರು ಹಾಕ್ತಾರಾ, ತೆಗೆಯೋದಾದ್ರೆ ಎಷ್ಟು ದಿನದ ನೋಟಿಸು, ಇಷ್ಟು ಕಾಗದದ ಮೇಲೆ ಬರ್ಲಿ. ಕರಾರು ಇಲ್ಲದೆ ಬರೆಸಿಕೊಂಡ ನಿರ್ಮಾಪಕರ ಮೇಲೆ ಕೇಸ್ ಹಾಕ್ಲಿ. ದೂರು ಕೊಡೋಕೆ ಬೆಂಗಳೂರಿಗೆ ಅಲೆಸ್ಬೇಡಿ, ಮಡಿಕೇರಿಲೂ ನಿಮ್ಮ ಇಲಾಖೆ ಆಫೀಸಿದೆ, ಅಲ್ಲೇ ತಗೊಳ್ಳೋಕೆ ಆರ್ಡರ್ ಮಾಡಿ. ಈ ಅಧಿವೇಶನ ಮುಗಿಯೋದ್ರೊಳಗೆ ಉತ್ತರ ಕೊಡಿ.

ಇಂತಿ,
ಕೊಡಗಿನ ಒಬ್ಬ ಸೀರಿಯಲ್ ಬರಹಗಾರ